ಚೀಲದ ತೂಕ ಬಲ್ಲವರು ನೋಡುವ ಕಾರ್ಟೂನ್

ದಾವಣಗೆರೆಯಲ್ಲಿ ನಾನು ನಡೆಸುವ ಸಂಜೆಯ ಅನಿಮೇಷನ್ ತರಗತಿಗೆ ಮಗಳನ್ನು ಬಿಡಲು ಬರುವ ಹಿರಿಯರೊಬ್ಬರಿದ್ದಾರೆ. ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು, ವಯಸ್ಸು ಐವತ್ತರ ಆಸುಪಾಸು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಮಗಳು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಕೇಳಿದರು: "ಸರ್, ಈ ಕಾರ್ಟೂನ್ ಸಿನಿಮಾ ಮಗಳಿಗಿಂತ ನಾನೇ ಜಾಸ್ತಿ ನೋಡ್ತೀನ್ರೀ. ಮನ್ಯಾಗ ಎಲ್ರೂ ನಗ್ತಾರ. ನನಗೇನರ ಬುದ್ಧಿ ಬೆಳೆದಿಲ್ಲಂತೀರಾ?" ಈ ಪ್ರಶ್ನೆಯನ್ನು ನಾನು ಬೇರೆ ಬೇರೆ ರೂಪದಲ್ಲಿ ಹಲವರಿಂದ ಕೇಳಿದ್ದೇನೆ. ಚಿತ್ರಮಂದಿರಕ್ಕೆ ಹೋಗುವಾಗ ನೆಪಕ್ಕೊಂದು ಮಗುವನ್ನು ಕರೆದುಕೊಂಡು ಹೋಗುವವರನ್ನೂ ಬಲ್ಲೆ.

ನಮ್ಮ ಕಡೆಯವರಿಗಂತೂ ಈ ಸಂಕೋಚ ಇರಲೇಬಾರದಿತ್ತು. ಬಣ್ಣ ಹಾಕಿದ ತೊಗಲಿನ ಗೊಂಬೆಗಳನ್ನು ದೀಪದ ಮುಂದೆ ಆಡಿಸಿ, ಪರದೆಯ ಮೇಲೆ ರಾಮಾಯಣ, ಮಹಾಭಾರತಗಳನ್ನು ನಡೆಸುತ್ತಿದ್ದ ಕಿಳ್ಳೇಕ್ಯಾತರ ಆಟಕ್ಕೆ ರಾತ್ರಿಯಿಡೀ ಕೂರುತ್ತಿದ್ದವರು ಊರಿನ ಹಿರಿಯರೇ. ಕಥೆಯ ನಡುವೆ ನುಗ್ಗುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳ ಪೋಲಿ ಮಾತುಗಳು ಮಕ್ಕಳಿಗೆಂದು ಹೇಳಿದವಂತೂ ಅಲ್ಲ. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು 1926ರಲ್ಲಿ ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬಾಕೆ ಮಾಡಿದ ಚಿತ್ರ. ಆಕೆ ಕತ್ತರಿಯಲ್ಲಿ ಕತ್ತರಿಸಿದ ಕಪ್ಪು ಆಕೃತಿಗಳ ಕೈಕಾಲುಗಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಹೀಗೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ತೊಗಲುಗೊಂಬೆ ಕಂಡವರಿಗೆ ಆ ಚಿತ್ರ ಹೊಸದೆನಿಸುವುದಿಲ್ಲ. 2025ರಲ್ಲಿ ನರಸಿಂಹಾವತಾರದ ಕಥೆಯ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಬಂದಾಗ ದೊಡ್ಡವರು ಯಾವ ನಾಚಿಕೆಯೂ ಇಲ್ಲದೆ ಸಾಲಿನಲ್ಲಿ ನಿಂತರು. ದೇವರ ಕಥೆಯಾದರೆ ಅಪ್ಪಣೆ ಸಿಕ್ಕಂತೆ, ಬೆಕ್ಕಿನ ಕಥೆಯಾದರೆ ಇಲ್ಲ ಎಂಬುದು ವಿಚಿತ್ರ ನ್ಯಾಯ.

ಗುಮಾಸ್ತರಿಗೆ ನಾನು ಕೊಟ್ಟ ಉತ್ತರ ಕಸುಬಿಗೆ ಸಂಬಂಧಿಸಿದ್ದು. ಕ್ಯಾಮೆರಾದಿಂದ ತೆಗೆದ ಚಿತ್ರದಲ್ಲಿ ಗಾಳಿ ತಾನಾಗಿ ಬೀಸುತ್ತದೆ, ನಟಿಯ ಸೆರಗು ತಾನಾಗಿ ಹಾರುತ್ತದೆ, ಹಿಂದೆ ಒಂದು ನಾಯಿ ಯಾರೂ ಕರೆಯದೆ ಹಾದುಹೋಗುತ್ತದೆ. ಅನಿಮೇಷನ್‌ನಲ್ಲಿ ತಾನಾಗಿ ಆಗುವುದು ಏನೂ ಇಲ್ಲ. ಯಾರೋ ಒಬ್ಬರು ಕುಳಿತು ನಿರ್ಧರಿಸದೆ ರೆಪ್ಪೆ ಕೂಡ ಮಿಟುಕುವುದಿಲ್ಲ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳ, ಅಂದರೆ ಫ್ರೇಮುಗಳ, ವೇಗದಲ್ಲಿ ಓಡುತ್ತದೆ. ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟುಗಳ ಕಾಲ ನಿಲ್ಲಿಸುವುದರಿಂದ ಸೆಕೆಂಡಿಗೆ 12 ಚಿತ್ರ ಬೇಕು. ಹಾಗಾದರೆ ಒಂದೂವರೆ ಗಂಟೆಯ ಸಿನಿಮಾದಲ್ಲಿ ಒಂದೇ ಒಂದು ಪಾತ್ರ ಬಿಡದೆ ಓಡಾಡಿದರೂ 64,800 ಚಿತ್ರಗಳಾಗುತ್ತವೆ. ಕಂಪ್ಯೂಟರ್ ಬಂದ ಮೇಲೆ ಬಟ್ಟೆಯ ಮಡಿಕೆ, ನೀರಿನ ಅಲೆ, ಪ್ರಾಣಿಯ ತುಪ್ಪಳ ಇವುಗಳನ್ನು ಬಹುಮಟ್ಟಿಗೆ ಯಂತ್ರ ಲೆಕ್ಕ ಹಾಕುತ್ತದೆ. ಆದರೆ ಒಬ್ಬಳು ಮುದುಕಿ ಮೆಟ್ಟಿಲ ಬಳಿ ಎಷ್ಟು ಹೊತ್ತು ನಿಂತು ಆಮೇಲೆ ಮೊದಲ ಹೆಜ್ಜೆ ಇಡುತ್ತಾಳೆ ಎಂಬುದು ಇಂದಿಗೂ ಮನುಷ್ಯನ ನಿರ್ಧಾರವೇ.

ದೊಡ್ಡವರ ಸಂತೋಷ ಬೇರೆಯಾಗುವುದು ಇಲ್ಲಿಯೇ. ಹಮಾಲರು ಅಕ್ಕಿ ಚೀಲ ಎತ್ತುವುದನ್ನು ನೋಡಿ. ಚೀಲ ನೆಲ ಬಿಡುವ ಮೊದಲೇ ಮೊಣಕಾಲು ಬಾಗಿರುತ್ತದೆ, ಉಸಿರು ನಿಂತಿರುತ್ತದೆ, ಮೈ ಎದುರು ದಿಕ್ಕಿಗೆ ವಾಲಿರುತ್ತದೆ. ಚೀಲ ಬೆನ್ನಿಗೆ ಬಂದ ಕ್ಷಣದಲ್ಲಿ ಇಡೀ ದೇಹ ಒಮ್ಮೆ ಕುಗ್ಗಿ, ಅನಂತರವೇ ಹೆಜ್ಜೆ ಹೊರಡುತ್ತದೆ. ಚಲನೆಗೆ ಮುಂಚಿನ ಈ ಸಿದ್ಧತೆ, ಭಾರ ಬಿದ್ದಾಗಿನ ಈ ಹಿಗ್ಗು ಕುಗ್ಗು, ದೇಹ ನಿಂತ ಮೇಲೂ ತೋಳು ತುಸು ಮುಂದೆ ಹೋಗಿ ನಿಲ್ಲುವುದು, ಇವೆಲ್ಲ ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ 12 ಸೂತ್ರಗಳಲ್ಲಿ ಸೇರಿವೆ; ನಾನು ಮೊದಲ ತಿಂಗಳು ಕಲಿಸುವುದೂ ಅವನ್ನೇ. ಮಗುವಿಗೆ ಮುಂದೇನಾಯಿತು ಎಂಬುದು ಮುಖ್ಯ. ಸ್ವತಃ ಭಾರ ಹೊತ್ತವರಿಗೆ, ಮೊಣಕಾಲು ನೋವು ಕಂಡವರಿಗೆ, ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ, ಅದು ಹೇಗಾಯಿತು ಎಂಬುದು ಮೈಯಿಂದಲೇ ತಿಳಿಯುತ್ತದೆ. ಬರೆದ ಗೆರೆಯೊಂದು ನಮ್ಮಂತೆಯೇ ದಣಿದದ್ದನ್ನು ಕಂಡಾಗ ಆಗುವ ಖುಷಿಗೆ ವಯಸ್ಸಾಗಿರಲೇಬೇಕು.

ಎಲ್ಲ ಅನಿಮೇಷನ್ ಹೀಗೆ ತುಂಬಿ ತುಳುಕಬೇಕೆಂದೂ ಇಲ್ಲ. 1963ರಲ್ಲಿ ಒಸಾಮು ತೆಜುಕಾ ಎಂಬ ಕಾಮಿಕ್ಸ್ ಕಲಾವಿದರು ಜಪಾನಿನ ದೂರದರ್ಶನಕ್ಕೆ ವಾರಕ್ಕೊಂದು ಅನಿಮೇಷನ್ ಕಂತು ಮಾಡಲು ಹೊರಟಾಗ ಹಣವೂ ಸಮಯವೂ ಸಾಲದೆ ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿದರು. ಬಾಯಿ ಮಾತ್ರ ಆಡಿತು, ಉಳಿದದ್ದು ನಿಂತಿತು. ಆ ಬಡತನದಿಂದಲೇ ಒಂದು ಶೈಲಿ ಬೆಳೆಯಿತು. ಇಂದು ಜಪಾನೀ ಚಿತ್ರಗಳಲ್ಲಿ ಕಾಣುವ ದೀರ್ಘವಾದ ನಿಶ್ಚಲ ದೃಶ್ಯಗಳನ್ನು, ಅಂದರೆ ಆಕಾಶ, ಖಾಲಿ ರಸ್ತೆ, ಸುಮ್ಮನೆ ಕುಳಿತ ಹುಡುಗಿ ಇಂಥವನ್ನು, ನನ್ನ ಯುವ ವಿದ್ಯಾರ್ಥಿಗಳು ಬೆರಳಿನಿಂದ ಮುಂದಕ್ಕೆ ಓಡಿಸುತ್ತಾರೆ. ಗುಮಾಸ್ತರು ಓಡಿಸುವುದಿಲ್ಲವಂತೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಲಾಟ್ವಿಯಾ ದೇಶದ 'ಫ್ಲೋ' ಚಿತ್ರವನ್ನು ಹೇಳುತ್ತೇನೆ. ಪ್ರವಾಹದಲ್ಲಿ ಸಿಕ್ಕ ಬೆಕ್ಕೊಂದರ ಕಥೆಯಾದ ಅದರಲ್ಲಿ ಒಂದೂ ಮಾತಿಲ್ಲ, ಹಾಗಾಗಿ ಭಾಷೆಯ ತೊಡಕಿಲ್ಲ. 2025ರಲ್ಲಿ ಆಸ್ಕರ್ ಪಡೆದ ಈ ಚಿತ್ರವನ್ನು ಮಾಡಿದ್ದು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು, ನಮ್ಮ ತರಗತಿಯ ಹಳೆಯ ಕಂಪ್ಯೂಟರಿನಲ್ಲಿಯೂ ಅದೇ ಇದೆ. ಸಾಧ್ಯವಾದರೆ ಮೊಬೈಲಿನಲ್ಲಿ ನೋಡಬೇಡಿ, ಹಿನ್ನೆಲೆಯ ಚಿತ್ರಕಾರರ ದುಡಿಮೆಯೆಲ್ಲ ಅಂಗೈಯಗಲದಲ್ಲಿ ಕಳೆದುಹೋಗುತ್ತದೆ. ಎರಡನೆಯ ಸಲ ನೋಡುವಾಗ ಐದು ನಿಮಿಷ ಧ್ವನಿ ಪೂರ್ತಿ ತೆಗೆದು ನೋಡಿ: ಒಳ್ಳೆಯ ಅನಿಮೇಷನ್ ಆಗಲೂ ಮಾತನಾಡುತ್ತದೆ, ಸಂಗೀತದ ಆಸರೆಯಲ್ಲಿ ನಿಂತದ್ದು ಕುಸಿಯುತ್ತದೆ.

ಒಂದು ಎಚ್ಚರಿಕೆಯೂ ಇದೆ, ಮತ್ತು ಅದು ನನ್ನ ತಪ್ಪಿನಿಂದ ಕಲಿತದ್ದು. ಯುದ್ಧಕಾಲದ ಜಪಾನಿನಲ್ಲಿ ಅನಾಥರಾದ ಅಣ್ಣ ತಂಗಿಯರ ಬಗ್ಗೆ ಇಸಾವೊ ತಕಹಾತಾ 1988ರಲ್ಲಿ ನಿರ್ದೇಶಿಸಿದ ಚಿತ್ರವನ್ನು ನಾನು ಒಮ್ಮೆ ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳಿಗೆ ಹಾಕಿಕೊಟ್ಟೆ, ಚಿತ್ರಕಲೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಚಿಕ್ಕವಳು ಆ ರಾತ್ರಿ ಊಟ ಮಾಡಲಿಲ್ಲ. ಅಕ್ಕ ನನ್ನೊಡನೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಬರೆದ ಚಿತ್ರವೆಂದ ಮಾತ್ರಕ್ಕೆ ಮಕ್ಕಳ ಚಿತ್ರವಲ್ಲ. ಸೆನ್ಸಾರ್ ಮಂಡಳಿ 2024ರಿಂದ ಯುಎ ಪ್ರಮಾಣಪತ್ರದಲ್ಲಿ 7, 13, 16 ವರ್ಷಗಳ ಭೇದ ತೋರಿಸುತ್ತಿದೆ. ಅದನ್ನು ಅನಿಮೇಷನ್‌ಗೂ ನೋಡಿಕೊಳ್ಳಬೇಕು.

ಗುಮಾಸ್ತರು ಈಗ ಹೊರಗಿನ ಬೆಂಚಿನಲ್ಲಿ ಕಾಯುವುದಿಲ್ಲ, ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಹೋದ ತಿಂಗಳು ನನ್ನ ಅತ್ಯುತ್ತಮ ವಿದ್ಯಾರ್ಥಿಯೊಬ್ಬ ಹಮಾಲನೊಬ್ಬ ಚೀಲ ಎತ್ತುವ ಎಂಟು ಸೆಕೆಂಡಿನ ಕೆಲಸವನ್ನು ಪರದೆಯ ಮೇಲೆ ತೋರಿಸಿದ. ಗೆರೆ ಚೆಂದವಿತ್ತು, ಬಣ್ಣ ಚೆಂದವಿತ್ತು, ನಾನೂ ಮೆಚ್ಚಿದೆ. ಹಿಂದಿನಿಂದ ಗುಮಾಸ್ತರ ದನಿ ಬಂತು: "ತಮ್ಮಾ, ಚೀಲದಾಗ ಅಕ್ಕಿ ಇಲ್ಲಪ್ಪ, ಖಾಲಿ ಐತಿ." ಮತ್ತೆ ಹಾಕಿ ನೋಡಿದೆವು. ಮೊಣಕಾಲು ಎರಡು ಚಿತ್ರಗಳಷ್ಟು ಬೇಗ ನೆಟ್ಟಗಾಗಿತ್ತು.