ಡಾಂಬರಿಗೂ ಮಣ್ಣುದಾರಿಗೂ ಒಂದೇ ಸೈಕಲ್: ಮೊದಲು ನೋಡಬೇಕಾದದ್ದು ಯಾವುದು?

ಮೊದಲ ಸೈಕಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಮೂರೇ ಪ್ರಶ್ನೆ: ಗೇರು ಎಷ್ಟು, ಮುಂದೆ ಶಾಕ್ ಇದೆಯಾ, ಡಿಸ್ಕ್ ಬ್ರೇಕಾ? ಈ ಮೂರಕ್ಕೂ ಉತ್ತರ ಸೈಕಲ್ಲಿಗೆ ಕಟ್ಟಿದ ಚೀಟಿಯಲ್ಲೇ ಇರುತ್ತದೆ. ಮುಂದೆ ಕಾಡುವುದು ಚೀಟಿಯಲ್ಲಿ ಇಲ್ಲದ ಸಂಗತಿಗಳು. ಫ್ರೇಮ್ ಮೈಯಳತೆಗೆ ಒಗ್ಗುತ್ತದೆಯೇ, ಎಷ್ಟು ಅಗಲದ ಟೈರು ಹಿಡಿಸುತ್ತದೆ, ಹಿಂದಿನ ಹಬ್ (ಚಕ್ರದ ನಡುವಿನ ಗುಂಬ) ಯಾವ ಬಗೆಯದು, ಏರಿನಲ್ಲಿ ಸಿಗುವ ಕೊನೆಯ ಗೇರು ಎಷ್ಟು ಹಗುರ? ಟೈರು, ಸೀಟು, ಪೆಡಲ್, ಹಿಡಿಕೆಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮ್, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವೆ), ಚಕ್ರಗಳನ್ನು ಬದಲಿಸಲು ಹೊರಟರೆ ಇನ್ನೊಂದು ಸೈಕಲ್ಲಿನ ಖರ್ಚೇ ಬರುತ್ತದೆ. ಹಾಗಾಗಿ ಪರೀಕ್ಷೆ ಅಲ್ಲಿಂದ ಶುರುವಾಗಲಿ.

ಅದಕ್ಕೂ ಮೊದಲು ಒಂದು ಲೆಕ್ಕ: ನೀವು ತುಳಿಯುವ ಮಣ್ಣುದಾರಿ ಎಂಥದ್ದು? 'ಟ್ರೇಲ್' ಎಂಬ ಒಂದೇ ಹೆಸರಿನಡಿ ಗಟ್ಟಿ ಮಣ್ಣಿನ ಬಂಡಿದಾರಿಯೂ ಬರುತ್ತದೆ, ಬೇರು ಬಂಡೆಗಳ ಕಡಿದಾದ ಇಳಿಜಾರೂ ಬರುತ್ತದೆ. ದಾರಿಯ ಕಲ್ಲುಗಳು ಹೆಚ್ಚೆಂದರೆ ನಿಂಬೆಹಣ್ಣಿನ ಗಾತ್ರದವಾಗಿದ್ದರೆ ಶಾಕ್ ಇಲ್ಲದ ಗಟ್ಟಿ ಫೋರ್ಕ್ ಮತ್ತು 40ರಿಂದ 45 ಮಿ.ಮೀ. ಅಗಲದ ಟೈರು ಸಾಕು. ಬಾಗಿದ ಹ್ಯಾಂಡಲ್ಲಿನ ಗ್ರಾವೆಲ್ ಸೈಕಲ್‌ಗಳು ಮತ್ತು ಅಗಲ ಟೈರು ಹಿಡಿಸುವ, ನೇರ ಹ್ಯಾಂಡಲ್ಲಿನ ಹೈಬ್ರಿಡ್‌ಗಳು ಈ ಕೆಲಸಕ್ಕೇ ಇರುವಂಥವು. ಮುಷ್ಟಿಗಿಂತ ದೊಡ್ಡ ಕಲ್ಲು, ಅಡ್ಡ ಬಿದ್ದ ಬೇರು, ಗೇಣುದ್ದ ಮೆಟ್ಟಿಲಿನಂಥ ಇಳಿತಗಳು ಪದೇ ಪದೇ ಬರುವುದಾದರೆ ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಬೇಕು. ಅದರ ಶಾಕ್ 100ರಿಂದ 120 ಮಿ.ಮೀ. ಕುಸಿಯುವಂತಿದ್ದರೆ ಸಾಕು. ಹಿಂದೆಯೂ ಶಾಕ್ ಇರುವ ಸೈಕಲ್ ಎರಡೂ ಬಗೆಯ ದಾರಿಗೆ ಓಡಿಸುವ ಹೊಸಬರಿಗೆ ಬೇಡವೇ ಬೇಡ. ತೂಕ ಹೆಚ್ಚು, ಕೀಲು ಕೀಲಿಗೂ ಬೇರಿಂಗ್, ಡಾಂಬರಿನ ಮೇಲೆ ಲಾಭವಿಲ್ಲ.

ಅರ್ಧಕ್ಕಿಂತ ಹೆಚ್ಚು ದೂರ ಡಾಂಬರಿನ ಮೇಲೆಯೇ ಹೋಗುವವರು ಗಟ್ಟಿ ಫೋರ್ಕಿನ ಕಡೆಗೆ ವಾಲುವುದು ಒಳ್ಳೆಯದು. ವಾರಕ್ಕೊಮ್ಮೆ ಬರುವ ಕಲ್ಲುದಾರಿಯನ್ನು ಅಗಲ ಟೈರಿನಲ್ಲಿ ನಿಧಾನವಾಗಿ ದಾಟಬಹುದು. ಆ ಒಂದು ದಿನಕ್ಕೆಂದು ಕೊಂಡ ಶಾಕಿನ ಭಾರವನ್ನು ಉಳಿದ ಆರು ದಿನವೂ ತುಳಿಯಬೇಕಾಗುತ್ತದೆ.

ಅಗ್ಗದ ಶಾಕಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಮೋಸಹೋಗುವುದು ಇಲ್ಲೇ. ಒಳ್ಳೆಯ ಶಾಕಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು ಪೆಟ್ಟನ್ನು ತೆಗೆದುಕೊಳ್ಳುವ ಸ್ಪ್ರಿಂಗ್ (ಉಕ್ಕಿನದು ಅಥವಾ ಗಾಳಿಯದು), ಇನ್ನೊಂದು ಆ ಸ್ಪ್ರಿಂಗ್ ಮರಳಿ ಚಿಮ್ಮುವ ವೇಗವನ್ನು ತಡೆಯುವ ಎಣ್ಣೆಯ ಡ್ಯಾಂಪರ್. ಅಗ್ಗದ ಫೋರ್ಕಿನಲ್ಲಿ ಇರುವುದು ಬರೀ ಸ್ಪ್ರಿಂಗ್. ಅದು ಕಲ್ಲಿನ ಪೆಟ್ಟನ್ನು ನುಂಗಿದಂತೆ ಮಾಡಿ, ಮರುಕ್ಷಣವೇ ಹ್ಯಾಂಡಲ್ಲನ್ನು ಮೇಲಕ್ಕೆಸೆಯುತ್ತದೆ. ಸಾಲುಸಾಲು ಕಲ್ಲುಗಳ ಮೇಲೆ ಮುಂದಿನ ಚಕ್ರ ಕುಣಿಯುತ್ತ ನೆಲ ಬಿಡುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಜೊತೆಗೆ ಇಂಥ ಫೋರ್ಕ್ ಎರಡೂವರೆ ಕಿಲೋ ತೂಗುವುದುಂಟು. ಕೆಲಕಾಲದಲ್ಲೇ ಒಳಗಿನ ಬುಷ್ (ಕೊಳವೆ ಜಾರುವ ಬಳೆ) ಸವೆದು ಕಟಕಟ ಸದ್ದು ಶುರುವಾಗುತ್ತದೆ.

ಪರೀಕ್ಷೆ ಸುಲಭ. ಮುಂದಿನ ಬ್ರೇಕ್ ಹಿಡಿದು, ಮೈಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಹಾಕಿ ಒತ್ತಿ, ಥಟ್ಟನೆ ಬಿಡಿ. ಫೋರ್ಕ್ ಸಾವಕಾಶವಾಗಿ ಮೇಲೆದ್ದರೆ ಒಳಗೆ ಡ್ಯಾಂಪರ್ ಇದೆ. ಟಕ್ಕೆಂದು ಸದ್ದು ಮಾಡಿ ಚಿಮ್ಮಿದರೆ ಇಲ್ಲ. ಫೋರ್ಕಿನ ಕಾಲಿನ ಕೆಳತುದಿಯಲ್ಲಿ, ಮರಳಿ ಚಿಮ್ಮುವ ವೇಗ ಹೊಂದಿಸುವ ರೀಬೌಂಡ್ ತಿರುಗಣೆ ಇದೆಯೇ ಎಂದೂ ನೋಡಿ. ಎರಡೂ ಇಲ್ಲದ ಶಾಕಿಗಿಂತ ಗಟ್ಟಿ ಫೋರ್ಕೇ ಮೇಲು. ಗಾಳಿ ತುಂಬುವ ಶಾಕ್ ಸಿಕ್ಕಿದರೆ, ಸವಾರ ಕುಳಿತಾಗ ಅದು ಒಟ್ಟು ಚಲನೆಯ ಶೇ. 15ರಿಂದ 20ರಷ್ಟು ಕುಸಿಯುವಂತೆ ಗಾಳಿ ಹೊಂದಿಸಬೇಕು. 100 ಮಿ.ಮೀ. ಶಾಕಿಗೆ ಅಂದರೆ 15ರಿಂದ 20 ಮಿ.ಮೀ.

ಎರಡು ದಾರಿಗೂ ಒಂದೇ ಸೈಕಲ್ ಎಂದಾಗ ನಿಜವಾದ ಶಾಕ್ ಎಂದರೆ ಟೈರು. ಹಾಗಾಗಿ ಫ್ರೇಮ್ ಮತ್ತು ಫೋರ್ಕ್ ಎಷ್ಟು ಅಗಲದ ಟೈರಿಗೆ ಜಾಗ ಬಿಟ್ಟಿವೆ ಎಂಬುದು ಬಣ್ಣ, ಹೆಸರು, ಗೇರಿನ ಸಂಖ್ಯೆ ಎಲ್ಲಕ್ಕಿಂತ ಮುಖ್ಯ. ಹಿಂದಿನ ಟೈರಿಗೂ ಪೆಡಲ್ ಹತ್ತಿರದ ಚೈನ್‌ಸ್ಟೇ ಕೊಳವೆಗಳಿಗೂ ನಡುವೆ ಎರಡೂ ಬದಿಯಲ್ಲಿ ಕನಿಷ್ಠ 5-6 ಮಿ.ಮೀ. ಖಾಲಿ ಇರಬೇಕು. ಅಷ್ಟೂ ಜಾಗ ಇಲ್ಲದಿದ್ದರೆ ಜಿಗುಟು ಮಣ್ಣಿನಲ್ಲಿ ಚಕ್ರ ಕಚ್ಚಿಕೊಳ್ಳುತ್ತದೆ, ಕೊಳವೆಯ ಬಣ್ಣ ಉಜ್ಜಿ ಹೋಗುತ್ತದೆ. 40 ಮಿ.ಮೀ.ಗಿಂತ ಕಡಿಮೆ ಹಿಡಿಸುವ ಫ್ರೇಮನ್ನು ಈ ಉದ್ದೇಶಕ್ಕೆ ಕೊಳ್ಳಬೇಡಿ. 32 ಮಿ.ಮೀ. ಮಾತ್ರ ಹಿಡಿಸುವ ಹೈಬ್ರಿಡ್ ಎಂದರೆ ನೇರ ಹ್ಯಾಂಡಲ್ಲಿನ ರೋಡ್ ಸೈಕಲ್, ಅಷ್ಟೇ.

ಚಕ್ರದ ಅಳತೆಯಲ್ಲಿ ಒಂದು ಗೊಂದಲವಿದೆ. 700ಸಿ ಎಂದು ಬರೆದ ರಿಮ್ಮೂ 29 ಇಂಚು ಎಂದು ಬರೆದ ರಿಮ್ಮೂ ಟೈರು ಕೂರುವ ಜಾಗದಲ್ಲಿ ಒಂದೇ ವ್ಯಾಸದವು, 622 ಮಿ.ಮೀ. 27.5 ಇಂಚಿನದು 584, ಹಳೆಯ 26 ಇಂಚಿನದು 559. ಟೈರಿನ ಪಕ್ಕದಲ್ಲಿ 40-622 ಎಂದು ಅಚ್ಚಾಗಿದ್ದರೆ ಅಗಲ 40, ವ್ಯಾಸ 622. ಬದಲಿ ಟೈರು ಕೊಳ್ಳುವಾಗ ಇಂಚಿನ ಲೆಕ್ಕ ಬಿಟ್ಟು ಈ ಸಂಖ್ಯೆಯನ್ನೇ ನೋಡಿ. 26 ಇಂಚಿನ ಹೊಸ ಸೈಕಲ್ಲನ್ನು ಈಗ ಕೊಳ್ಳಲು ಕಾರಣ ಕಡಿಮೆ; ಅದಕ್ಕೆ ಒಳ್ಳೆಯ ಟೈರು ಮತ್ತು ಫೋರ್ಕಿನ ಆಯ್ಕೆ ಕುಗ್ಗುತ್ತಲೇ ಇದೆ.

ಟೈರಿನ ಮೇಲ್ಮೈ ನಡುವೆ ನಯವಾಗಿದ್ದು ಅಥವಾ ಒತ್ತೊತ್ತಾದ ಸಣ್ಣ ಗುಬ್ಬಿಗಳು (ರಬ್ಬರಿನ ಉಬ್ಬುಗಳು) ಇದ್ದು, ಅಂಚಿನಲ್ಲಿ ಮಾತ್ರ ಎತ್ತರದ ಗುಬ್ಬಿಗಳಿರಲಿ. ಡಾಂಬರಿನ ಮೇಲೆ ನೇರ ಹೋಗುವಾಗ ನಡುಭಾಗ ಹಗುರವಾಗಿ ಉರುಳುತ್ತದೆ, ಮಣ್ಣಿನ ತಿರುವಿನಲ್ಲಿ ವಾಲಿದಾಗ ಅಂಚು ಕಚ್ಚುತ್ತದೆ. ಇಡೀ ಟೈರೇ ದಪ್ಪ ಗುಬ್ಬಿಯದಾದರೆ ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ, ತಿರುವಿನಲ್ಲಿ ಗುಬ್ಬಿಗಳು ಮಡಚಿ ಸೈಕಲ್ ಜಾರಿದಂತಾಗುತ್ತದೆ, ಹಿಂದಿನ ಟೈರು ಬೇಗ ಸವೆಯುತ್ತದೆ.

ಗಾಳಿಯ ಒತ್ತಡದ ವಿಷಯದಲ್ಲಿ ಹೆಚ್ಚಿನವರು ಕಲ್ಲಿನಂತೆ ಗಟ್ಟಿ ತುಂಬಿಸುತ್ತಾರೆ, ಆಮೇಲೆ ಸೀಟು ಸರಿಯಿಲ್ಲ ಎನ್ನುತ್ತಾರೆ. ಸುಮಾರು 70 ಕಿಲೋ ತೂಗುವ ಸವಾರನಿಗೆ 40 ಮಿ.ಮೀ. ಟೈರಿನಲ್ಲಿ ಟ್ಯೂಬ್ ಇದ್ದರೆ, ಡಾಂಬರಿಗೆ 40-45 ಪಿಎಸ್‌ಐ, ಮಣ್ಣಿಗೆ 32-36 ಪಿಎಸ್‌ಐ ಆರಂಭಕ್ಕೆ ಸರಿ. ಹಿಂದಿನ ಚಕ್ರಕ್ಕೆ ಭಾರ ಹೆಚ್ಚು, ಆದ್ದರಿಂದ ಮುಂದಿನದಕ್ಕಿಂತ 2-3 ಪಿಎಸ್‌ಐ ಜಾಸ್ತಿ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮುಳ್ಳಿಲ್ಲದೆ ಹೀಗೆ ಜೋಡಿ ತೂತು ಕಂಡರೆ ಗಾಳಿ ಕಡಿಮೆಯಾಯಿತು ಎಂದೇ ಅರ್ಥ. ಹೊಸ ಟ್ಯೂಬ್ ಹಾಕಿ 3-4 ಪಿಎಸ್‌ಐ ಏರಿಸಿ. ಬೆರಳಿನಲ್ಲಿ ಒತ್ತಿ ನೋಡಿದರೆ ಇದು ತಿಳಿಯದು, ಮಾಪಕವಿರುವ ಪಂಪು ಬೇಕು.

ರಿಮ್ಮು ಎರಡು ಗೋಡೆಯದಾಗಿರಲಿ. ವಾಲ್ವ್ ತೂತಿನ ಹತ್ತಿರ ಇಣುಕಿದರೆ ಒಳಗೆ ಪೆಟ್ಟಿಗೆಯಂತೆ ಟೊಳ್ಳು ಕಾಣಬೇಕು. ಒಂದೇ ಗೋಡೆಯ ರಿಮ್ಮು ಮೊದಲ ಗುಂಡಿಗೇ ಬೆಂಡಾಗುತ್ತದೆ. ಕಡ್ಡಿಗಳು 32 ಇದ್ದರೆ ಹೆಚ್ಚಿನವರ ಭಾರಕ್ಕೆ ಸಾಕು.

ಹಿಂದಿನ ಹಬ್ಬಿಗೆ ಬರೋಣ. ಅಗ್ಗದ ಸೈಕಲ್‌ಗಳಲ್ಲಿ, ವಿಶೇಷವಾಗಿ 7 ಹಲ್ಲುಚಕ್ರದವುಗಳಲ್ಲಿ, ಹಬ್ಬಿಗೆ ತಿರುಪಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು, ಅಂದರೆ ಫ್ರೀವೀಲ್ ಇರುತ್ತದೆ. ಈ ವಿನ್ಯಾಸದಲ್ಲಿ ಬಲಬದಿಯ ಬೇರಿಂಗ್ ಫ್ರೀವೀಲಿನ ಒಳಬದಿಗೆ ಉಳಿಯುತ್ತದೆ. ಅದರಾಚೆ ಆಕ್ಸಲ್ಲಿನ ಉದ್ದವಾದ ತುಂಡು ಆಸರೆಯಿಲ್ಲದೆ ಚಾಚಿಕೊಂಡು ಭಾರ ಹೊರುತ್ತದೆ. ಡಾಂಬರಿನಲ್ಲಿ ಹೇಗೋ ನಡೆಯುತ್ತದೆ, ಕಲ್ಲುದಾರಿಯ ಪೆಟ್ಟಿಗೆ ಆಕ್ಸಲ್ ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗೊಂಚಲು) ಹಾಕುವ ಫ್ರೀಹಬ್‌ನಲ್ಲಿ ಬೇರಿಂಗ್ ಹೊರತುದಿಯ ಹತ್ತಿರ ಇರುವುದರಿಂದ ಈ ತೊಂದರೆಯಿಲ್ಲ. ಎರಡರ ವ್ಯತ್ಯಾಸ ತಿಳಿಯಲು ಹಿಂದಿನ ಹಲ್ಲುಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ, ನಡುವಿನ ಕೀಲಿ ಕೂರುವ ಕಚ್ಚುಗಳ ಬಳೆಯನ್ನು ನೋಡಿ. ಹಲ್ಲಿನ ಜೊತೆಗೇ ಅದೂ ತಿರುಗಿದರೆ ಕ್ಯಾಸೆಟ್. ಅದು ನಿಂತು ಹಲ್ಲು ಮಾತ್ರ ತಿರುಗಿದರೆ ಫ್ರೀವೀಲ್. ಅಂಗಡಿಯಲ್ಲಿ ನಿಂತಲ್ಲೇ ಮಾಡಬಹುದಾದ ಈ ಅರೆನಿಮಿಷದ ಪರೀಕ್ಷೆ '21 ಗೇರ್' ಎಂಬ ಅಂಟುಚೀಟಿಗಿಂತ ಹೆಚ್ಚು ಹೇಳುತ್ತದೆ.

ಗೇರಿನ ಸಂಖ್ಯೆ ಬಿಟ್ಟು ಎರಡು ತುದಿಗಳನ್ನು ಲೆಕ್ಕ ಹಾಕಿ. ಪೆಡಲ್ ಬಳಿಯ ಮುಂದಿನ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆಯನ್ನು ಹಿಂದಿನದರಿಂದ ಭಾಗಿಸಿದರೆ ಸಿಗುವುದೇ ಅನುಪಾತ. ಕಡಿದಾದ ಮಣ್ಣೇರಿಗೆ ಅತಿ ಹಗುರ ಗೇರು 1 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮುಂದೆ 40, ಹಿಂದೆ 11ರಿಂದ 42 ಹಲ್ಲು ಇರುವ ಸೈಕಲ್ಲಿನ ಉದಾಹರಣೆ ತೆಗೆದುಕೊಳ್ಳಿ. ಹಗುರ ತುದಿ 0.95, ಭಾರದ ತುದಿ 3.64. 40-622 ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಭಾರದ ಗೇರಿನಲ್ಲಿ ಗಂಟೆಗೆ 43 ಕಿ.ಮೀ. ಆಯಿತು. ಸಮತಟ್ಟು ರಸ್ತೆಯಲ್ಲಿ ಹೊಸಬರಿಗೆ ಇದಕ್ಕಿಂತ ಬೇಕಿಲ್ಲ. ಮುಂದೆ 46/30 ಎಂಬ ಎರಡು ಹಲ್ಲುಚಕ್ರ, ಹಿಂದೆ 11-34 ಇದ್ದರೆ 0.88ರಿಂದ 4.18ರವರೆಗೆ ಹರಹು ಸಿಗುತ್ತದೆ, ಗೇರಿನಿಂದ ಗೇರಿಗೆ ಅಂತರವೂ ಕಡಿಮೆ. ಡಾಂಬರು ಹೆಚ್ಚಿದ್ದವರಿಗೆ ಇದು ಹಿತ. ಮುಂದೆ ಒಂದೇ ಹಲ್ಲುಚಕ್ರವಿರುವುದರಲ್ಲಿ ಮುಂದಿನ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಸಾಧನ) ಇರುವುದಿಲ್ಲ, ಮಣ್ಣಿನಲ್ಲಿ ಚೈನ್ ಬೀಳುವುದು ಕಡಿಮೆ, ಕಲಿಯುವುದೂ ಸುಲಭ. ಹಾರ್ಡ್‌ಟೇಲ್‌ಗಳಲ್ಲಿ ಮುಂದೆ 32 ಹಲ್ಲು ಸಾಮಾನ್ಯ. ಹಿಂದೆ 11 ಇದ್ದರೂ ಗಂಟೆಗೆ 36 ಕಿ.ಮೀ. ದಾಟಿದ ಮೇಲೆ ಕಾಲು ಸುಮ್ಮನೆ ಗಿರಗಿರ ತಿರುಗುತ್ತದೆ. ಡಾಂಬರಿನಲ್ಲಿ ಗುಂಪಿನ ಜೊತೆ ಓಡಿಸುವ ಆಸೆ ಇದ್ದವರು ಇದನ್ನು ಗಮನಿಸಬೇಕು.

ಬ್ರೇಕು: ಮಣ್ಣು, ಮಳೆ ಎರಡರಲ್ಲೂ ಡಿಸ್ಕ್ ಮೇಲು, ಏಕೆಂದರೆ ರಿಮ್ಮಿಗೆ ಹತ್ತಿದ ಕೆಸರು ಅದಕ್ಕೆ ತಾಗುವುದಿಲ್ಲ, ರಿಮ್ಮೂ ಸವೆಯುವುದಿಲ್ಲ. ಎಣ್ಣೆಯ ಡಿಸ್ಕ್ ಒಂದು ಬೆರಳಿಗೇ ಹಿಡಿಯುತ್ತದೆ, ಪ್ಯಾಡ್ ಸವೆದಂತೆ ತಾನೇ ಸರಿಹೊಂದಿಕೊಳ್ಳುತ್ತದೆ. ತಂತಿಯದನ್ನು ಸವೆದಂತೆಲ್ಲ ಬಿಗಿಸುತ್ತಿರಬೇಕು. ಅದರ ಹಲವು ಮಾದರಿಗಳಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುವುದರಿಂದ ಇನ್ನೊಂದು ಬದಿಯದನ್ನು ತಿರುಗಣೆಯಿಂದ ಒಳಗೆ ತರಬೇಕಾಗುತ್ತದೆ, ಹೆಚ್ಚಿನವರು ಮರೆಯುವುದು ಇದನ್ನೇ. ಕೈಗೆಟಕುವ ಎಣ್ಣೆ ಬ್ರೇಕ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಆದರೆ ಒಂದು ತಯಾರಿಕೆಯದು ಮಿನರಲ್ ಎಣ್ಣೆಯದಾದರೆ ಇನ್ನೊಂದರದ್ದು ಡಾಟ್ ದ್ರವ. ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಚಕ್ರ ಬಿಚ್ಚಿದಾಗ ಬ್ರೇಕ್ ಹಿಡಿಕೆ ಒತ್ತಬೇಡಿ. ಪ್ಯಾಡ್‌ಗಳು ಒಂದಕ್ಕೊಂದು ಅಂಟಿ, ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಚೈನಿಗೆ ಎಣ್ಣೆಯನ್ನು ಸ್ಪ್ರೇ ಮಾಡುವ ಬದಲು ಹನಿಹನಿಯಾಗಿ ಬಿಡಿ. ಡಿಸ್ಕಿಗೆ ಎಣ್ಣೆ ಸಿಡಿದರೆ ಪ್ಯಾಡ್ ಕಿರುಚುತ್ತದೆ, ಹಿಡಿತ ಹೋಗುತ್ತದೆ, ಬಹುತೇಕ ಸಲ ಹೊಸ ಪ್ಯಾಡೇ ಗತಿ.

ಇನ್ನು ಅಳತೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ತೊಡೆಸಂದಿಗೆ ಒಂದು ಪುಸ್ತಕವನ್ನು ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಇದು ಒಳಗಾಲಿನ ಅಳತೆ. ಇದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕಿನ (ಪೆಡಲ್ ತೋಳುಗಳು ತಿರುಗುವ ಅಚ್ಚಿನ) ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. 80 ಸೆಂ.ಮೀ. ಒಳಗಾಲಿಗೆ ಸುಮಾರು 70.5 ಸೆಂ.ಮೀ. ಇದು ಡಾಂಬರಿಗೆ. ಕಡಿದಾದ ಮಣ್ಣಿಳಿಜಾರಿನಲ್ಲಿ 3-4 ಸೆಂ.ಮೀ. ಇಳಿಸಿಕೊಂಡರೆ ಮೈಯನ್ನು ಹಿಂದಕ್ಕೆ ತರಲು ಜಾಗ ಸಿಗುತ್ತದೆ. ಸೀಟಿನ ಕಂಬಕ್ಕೆ ತುದಿಯಲ್ಲಿ, ಕನಿಷ್ಠ ಇಲ್ಲಿಯವರೆಗೆ ಫ್ರೇಮಿನೊಳಗೆ ಇರಬೇಕು ಎನ್ನುವ ಗೆರೆ ಕೊರೆದಿರುತ್ತದೆ. ಬೇಕಾದ ಎತ್ತರದಲ್ಲಿ ಆ ಗೆರೆ ಹೊರಗೆ ಕಂಡರೆ ಫ್ರೇಮ್ ಚಿಕ್ಕದು.

ಸೀಟಿನ ಮುಂದೆ, ಮೇಲಿನ ಕೊಳವೆಯನ್ನು ಕಾಲುಗಳ ನಡುವೆ ಇಟ್ಟು ನೆಲದ ಮೇಲೆ ನಿಂತಾಗ ಗಟ್ಟಿದಾರಿಗೆ 3 ಸೆಂ.ಮೀ., ಕಲ್ಲುದಾರಿಗೆ 5 ಸೆಂ.ಮೀ. ಅಥವಾ ಹೆಚ್ಚು ಅಂತರ ಬೇಕು. ಎತ್ತರವನ್ನು ಸೀಟಿನ ಕಂಬದಿಂದ ಸರಿಮಾಡಬಹುದು, ಉದ್ದವನ್ನು ಹಾಗೆ ಮಾಡಲಾಗದು. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು, ಹೆಗಲು ಕಿವಿಯ ಕಡೆಗೆ ಏರಬಾರದು. ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಸೇರಿಸುವ ತುಂಡು) ಬದಲಿಸಿ 1-2 ಸೆಂ.ಮೀ. ತಿದ್ದಬಹುದು, ಅದಕ್ಕಿಂತ ಹೆಚ್ಚು ಬೇಕೆಂದರೆ ಬೇರೆ ಅಳತೆಯ ಫ್ರೇಮೇ ಸರಿ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ, ಮಣ್ಣು ಹೆಚ್ಚು ತುಳಿಯುವವರು ಚಿಕ್ಕದನ್ನು ಆರಿಸಲಿ.

ಬಾಗಿದ ಹ್ಯಾಂಡಲ್ಲೋ ನೇರವೋ? ಮೊದಲ ಸೈಕಲ್ಲಿಗೆ ನನ್ನ ಮತ ನೇರದ್ದಕ್ಕೆ, 680ರಿಂದ 720 ಮಿ.ಮೀ. ಅಗಲದ್ದು. ಮಣ್ಣಿಳಿಜಾರಿನಲ್ಲಿ ಬ್ರೇಕ್ ಸದಾ ಬೆರಳಿನಡಿ ಇರುತ್ತದೆ. ಬಾಗಿದ್ದರಲ್ಲಿ ಎದುರುಗಾಳಿಗೆ ಬಗ್ಗಬಹುದು, ದೂರದ ಓಟದಲ್ಲಿ ಕೈಯಿಡುವ ಜಾಗ ಬದಲಿಸಬಹುದು. ದಿನಕ್ಕೆ 50-60 ಕಿ.ಮೀ. ಮೀರಿ ಡಾಂಬರು ಓಡಿಸುವವರಿಗೆ ಆ ಲಾಭ ದೊಡ್ಡದು. ಒಂದರಿಂದ ಇನ್ನೊಂದಕ್ಕೆ ಆಮೇಲೆ ಹೋಗುವೆನೆಂದರೆ ಬ್ರೇಕ್ ಹಿಡಿಕೆ, ಗೇರಿನ ಹಿಡಿಕೆ, ಕೆಲವೊಮ್ಮೆ ಡಿರೇಲರೂ ಬದಲಾಗಬೇಕು. ಹಿಡಿಕೆಗಳು ಸುಲಭವಾಗಿ ಬದಲಾಗುತ್ತವೆ ಎಂದೆನಲ್ಲ, ಹ್ಯಾಂಡಲ್ಲಿನ ಬಗೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಬಳಸಿದ ಸೈಕಲ್ ನೋಡುವವರು ಚೈನಿನ 12 ಇಡೀ ಜೋಡಿಗಳನ್ನು (ಒಳಕೊಂಡಿ, ಹೊರಕೊಂಡಿ ಸೇರಿ ಒಂದು ಜೋಡಿ) ಪಿನ್ನಿನಿಂದ ಪಿನ್ನಿಗೆ ಅಳೆಯಲಿ. ಹೊಸದರಲ್ಲಿ 304.8 ಮಿ.ಮೀ.; 306.3 ದಾಟಿದ್ದರೆ ಚೈನ್ ಬದಲಿಸುವ ಕಾಲ, 308ರ ಹತ್ತಿರವಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ. ಹ್ಯಾಂಡಲ್ ಕೊಳವೆಗೆ ಕೆಳಕೊಳವೆ ಸೇರುವ ಬೆಸುಗೆಯ ಅಡಿಭಾಗ, ಕ್ರ್ಯಾಂಕಿನ ಸುತ್ತ, ಸೀಟಿನ ಕೊಳವೆಯ ಮೇಲ್ತುದಿ ಇವನ್ನು ಒರೆಸಿ ಬೆಳಕಿನಲ್ಲಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಬಿರುಕೋ ಸುಕ್ಕೋ ಇದ್ದರೆ ಬಿಟ್ಟುಬಿಡಿ. ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲ್ ಬುಡದಲ್ಲಿ ಟಕಟಕ ಅಂದರೆ ಅಲ್ಲಿನ ಬೇರಿಂಗ್ ಸಡಿಲ. ಇದು ಬಿಗಿಸಿದರೆ ಹೋಗುವ ದೋಷ, ಬಿರುಕು ಹಾಗಲ್ಲ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನ ಹಿಡಿಯುವುದಿಲ್ಲ ಎಂದು ಗಾಬರಿಯಾಗಬೇಡಿ. ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಬಿಗಿದು ಜಾರದಂತೆ, ಒಂದೊಂದು ಬ್ರೇಕಿಗೂ 20 ಸಲ ಇಳಿಸಿದರೆ ಪ್ಯಾಡ್ ಕೂರುತ್ತದೆ. ಮೊದಲ ನೂರಿನ್ನೂರು ಕಿ.ಮೀ. ಆದ ಮೇಲೆ ಗೇರಿನ ತಂತಿ ಸಡಿಲವಾಗಿ ಗೇರು ತಡವರಿಸುವುದು, ಕಡ್ಡಿಗಳು ಕೂತು ಚಕ್ರ ಅಲುಗುವುದು ಸಹಜ. ಎರಡನ್ನೂ ಸರಿಮಾಡಿಸುವಾಗಲೇ ಕ್ರ್ಯಾಂಕಿನ ಬೋಲ್ಟು ಮತ್ತು ಪೆಡಲ್‌ಗಳನ್ನು ಮತ್ತೆ ಬಿಗಿಸಿಕೊಳ್ಳಿ. ಎಡಗಡೆಯ ಪೆಡಲಿನ ತಿರುಪು ಉಲ್ಟಾ, ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಬಿಗಿಯುತ್ತದೆ. ಸಡಿಲವಾದ ಪೆಡಲಿನಲ್ಲೇ ತುಳಿದರೆ ಕ್ರ್ಯಾಂಕಿನ ತಿರುಪಿನ ಗೀರುಗಳು ಸವೆದು ಇಡೀ ತೋಳನ್ನೇ ಬದಲಿಸಬೇಕಾಗುತ್ತದೆ.