ಟ್ರಯಲ್ಸ್ ಸೈಕಲ್ಲಿಗೆ ಫೋರ್ಕ್ ಆರಿಸುವಾಗ: ಎಡಗಾಲಿನ ಮೇಲೊಂದು ಕಣ್ಣಿರಲಿ

ಹೋದ ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಶಿರಸಿಯಲ್ಲಿ ಚಿಕ್ಕಪ್ಪನ ಮನೆ ಅಂಗಳದಲ್ಲಿ ನನ್ನ ಟ್ರಯಲ್ಸ್ ಸೈಕಲ್, ಅಂದರೆ ಕಾಲು ನೆಲಕ್ಕೆ ಊರದೆ ಕಲ್ಲು, ಗೋಡೆ ಹಾರುವ ಆಟದ ಸೈಕಲ್ ತೊಳೆಯುತ್ತಿದ್ದೆ. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕವಲು, ಅಂದರೆ ಫೋರ್ಕಿನ ಎಡಗಾಲಿನಲ್ಲಿ, ಡಿಸ್ಕ್ ಬ್ರೇಕ್ ಕೂರುವ ಕಿವಿಯ ಪಕ್ಕ, ಕೂದಲೆಳೆಯಷ್ಟು ಸಣ್ಣ ಗೀರು ಕಂಡಿತು. ಬಣ್ಣ ಎದ್ದಿರಬೇಕು ಅಂದುಕೊಂಡೆ. ಉಗುರು ಎಳೆದೆ. ಉಗುರು ತಡೆಯಿತು.

ಚಿಕ್ಕಪ್ಪ ಪಂಪ್‌ಸೆಟ್ ರಿಪೇರಿಯಲ್ಲಿ ಕೈ ಪಳಗಿದವರು. "ಮಾಣಿ, ಅದು ಗೀರಲ್ಲ, ಬಿರುಕು" ಅಂದರು. ಆ ಜಾಗ ಒರೆಸಿ ಸೀಮೆಎಣ್ಣೆ ಹಚ್ಚಿದರು. ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಪೂರ್ತಿ ಒಣಗುವ ಹಾಗೆ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ನಾವು ಚಹಾ ಕುಡಿದು ಬರುವಷ್ಟರಲ್ಲಿ ಬಿಳಿ ಪುಡಿಯ ನಡುವೆ ಕಪ್ಪು ಗೆರೆಯೊಂದು ಮೂಡಿತ್ತು. ಬಿರುಕಿನೊಳಗೆ ಇಳಿದ ಎಣ್ಣೆ ಮತ್ತೆ ಹೊರಗೆ ಒಸರಿ ಸುಣ್ಣವನ್ನು ಒದ್ದೆ ಮಾಡಿತ್ತು. ಕಣ್ಣಿಗೆ ಕಂಡಿದ್ದು ಅರ್ಧ ಇಂಚು, ಸುಣ್ಣ ತೋರಿಸಿದ್ದು ಒಂದೂಕಾಲು ಇಂಚು.

ಎರಡು ಸೀಮೆ ಸಾಮಾನಿನ ಈ ಪರೀಕ್ಷೆಗೆ ಖರ್ಚೇ ಇಲ್ಲ. ಈಗ ಸೀಮೆಎಣ್ಣೆ ಸಿಗೋದು ಕಷ್ಟ ಅನ್ನೋದು ನಿಜ. ಕರಾವಳಿಯಲ್ಲಿ ದೋಣಿ ಎಂಜಿನ್ನಿಗೆ ಬಳಸುವವರು ಗೊತ್ತಿದ್ದರೆ ಒಂದು ಲೋಟ ಸಿಕ್ಕೀತು. ಇಲ್ಲವೇ ಡೀಸೆಲ್ ಹಚ್ಚಿ.

ಅಷ್ಟು ದಪ್ಪ ಕಾಣುತ್ತಿದ್ದ ಫೋರ್ಕ್ ಅಲ್ಲೇ ಏಕೆ ಬಿರಿಯಿತು? ಅದನ್ನು ತಿಳಿಯಲು ಹೋಗಿ ಬರೆದುಕೊಂಡ ಟಿಪ್ಪಣಿ ಇದು. ಕಾರವಾರದ ಕಡಲಂಚಿನ ಕಲ್ಲುಗಳ ಮೇಲೋ, ಶಿರಸಿ ಕಡೆ ಚಿರೆಕಲ್ಲಿನ ಪಾಗಾರದ ಮೇಲೋ ಈಗಷ್ಟೇ ಹಾರಲು ಕಲಿಯುತ್ತಿರುವವರಿಗೆ ಉಪಯೋಗವಾಗಬಹುದು.

ಸಸ್ಪೆನ್ಷನ್ ಯಾಕಿಲ್ಲ

ಹೊಸಬರು ಮೊದಲು ಕೇಳುವ ಪ್ರಶ್ನೆಯೇ ಇದು. ಸೈಕಲ್ ಟ್ರಯಲ್ಸ್ ಹುಟ್ಟಿದ್ದು ಮೋಟಾರ್‌ಸೈಕಲ್ ಟ್ರಯಲ್ಸ್‌ನಿಂದ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಮೊಂಟೆಸಾ ಮೋಟಾರ್‌ಸೈಕಲ್ ಸವಾರ ಪೆರೆ ಪಿ ತಮ್ಮ ಮಗ ಓಟ್‌ಗೆ ಚಿಕ್ಕ ಸೈಕಲ್ಲಿನಲ್ಲಿ ಅದೇ ಕಸರತ್ತು ಕಲಿಸಿದರು. ಆ ಬೈಕಿಗೆ ಸಸ್ಪೆನ್ಷನ್ ಇದೆ, ನಮಗೆ ಮಾತ್ರ ಬೇಡವೇ ಅಂತ ಅನಿಸುತ್ತದೆ. ಆದರೆ ಬೈಕನ್ನು ಎಬ್ಬಿಸಲು ಎಂಜಿನ್ ಇದೆ. ನಾವು ಹಾರುವುದು ಮೈಬಲದಿಂದ. ಮುಂದಿನ ಚಕ್ರ ಒತ್ತಿ ಜಿಗಿಯಲು ಹೋದರೆ ಸ್ಪ್ರಿಂಗ್ ಅರ್ಧ ಬಲ ನುಂಗಿಬಿಡುತ್ತದೆ. ಬ್ರೇಕ್ ಹಿಡಿದ ಕೂಡಲೇ ಮೂತಿ ಕೆಳಗೆ ಮಾಡುತ್ತದೆ. ಅಡಿಕೆ ಮರದ ಸಂಕದ ಮೇಲೆ ನಿಂತಲ್ಲೇ ನಿಲ್ಲುವಾಗ ಮುಂಭಾಗ ತೂಗಾಡಿದರೆ ಹಳ್ಳಕ್ಕೆ ಬೀಳುವುದು ಗ್ಯಾರಂಟಿ. ಹಾಗಾಗಿ ಗಟ್ಟಿ ಫೋರ್ಕೇ ಬೇಕು. ಸಸ್ಪೆನ್ಷನ್ ಕೆಲಸ ನಮ್ಮ ಮೊಣಕೈ, ಮೊಣಕಾಲಿನದು.

ಲೆಕ್ಕ ಹಾಕಿ ನೋಡಿದರೆ

ನಾನು 60 ಕಿಲೋ, ಸೈಕಲ್ 10 ಕಿಲೋ. ಒಂದು ಮೀಟರ್ ಎತ್ತರದ ಪಾಗಾರದಿಂದ ಇಳಿದರೆ ಶಕ್ತಿ 70 × 9.8 × 1, ಅಂದರೆ 686 ಜೂಲ್. ಇದನ್ನು ಎಷ್ಟು ದೂರದಲ್ಲಿ ಅರಗಿಸಿಕೊಳ್ಳುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೈಕಾಲು ಮಡಚಿ, ಟೈರ್ ತಗ್ಗುವುದೂ ಸೇರಿ 20 ಸೆಂ.ಮೀ. ಸಿಕ್ಕಿದರೆ ಸರಾಸರಿ ಬಲ 3430 ನ್ಯೂಟನ್. ಮೈತೂಕದ 686 ಕೂಡಿಸಿದರೆ ಸುಮಾರು 4100. ಅಂದರೆ 420 ಕಿಲೋ ಭಾರ. ಹೆದರಿ ಕೈಕಾಲು ಸೆಟೆದುಕೊಂಡು 5 ಸೆಂ.ಮೀ.ನಲ್ಲೇ ನಿಂತರೆ ಅದು ಸುಮಾರು 14,400 ನ್ಯೂಟನ್, ಹತ್ತಿರ ಹತ್ತಿರ ಒಂದೂವರೆ ಟನ್. ಪಳಗಿದವರು ಹಿಂದಿನ ಚಕ್ರದ ಮೇಲೆ ಇಳಿಯುತ್ತಾರೆ, ಫೋರ್ಕಿಗೆ ಉಳಿದದ್ದಷ್ಟೇ ಬರುತ್ತದೆ. ಕಲಿಯುವವರು ಮುಂದಿನ ಚಕ್ರ ಕುಟ್ಟಿಕೊಂಡೇ ಇಳಿಯುವುದು. ಹಾಗಾಗಿ ಗಟ್ಟಿ ಫೋರ್ಕ್ ಜಾಸ್ತಿ ಬೇಕಾದದ್ದು ಚಾಂಪಿಯನ್ನರಿಗಿಂತ ನಮಗೇ.

ನನಗೆ ಹೊಸದಾಗಿ ತಿಳಿದದ್ದು ಇನ್ನೊಂದು. ಎಕ್ಸೆಲ್ (ಚಕ್ರದ ಅಚ್ಚು) ಇರುವುದು ಕ್ರೌನಿಗಿಂತ (ಎರಡೂ ಕಾಲು ಮೇಲೆ ಸೇರುವ ಜಾಗ) ಮುಂದೆ ಅಲ್ವಾ? ಮೇಲಿಂದ ಬಿದ್ದಾಗ ಕಾಲುಗಳು ಮುಂದಕ್ಕೆ ಬಾಗಲು ನೋಡುತ್ತವೆ. ಬ್ರೇಕ್ ಹಿಡಿದಾಗ ನೆಲ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ, ಕಾಲುಗಳು ಹಿಂದಕ್ಕೆ ಬಾಗಲು ನೋಡುತ್ತವೆ. ಟ್ರಯಲ್ಸ್‌ನಲ್ಲಿ ಇವೆರಡೂ ಒಂದರ ಬೆನ್ನಿಗೊಂದು, ಸಂಜೆಗೆ ನೂರಾರು ಸಲ. ತಂತಿ ತುಂಡು ಮಾಡಲು ಹಿಂದೆ ಮುಂದೆ ಬಗ್ಗಿಸುತ್ತೇವಲ್ಲ, ಅದೇ ಕೆಲಸ ನಿಧಾನಕ್ಕೆ ನಡೆಯುತ್ತಿರುತ್ತದೆ. ಈ ಬಾಗುವ ಒತ್ತಡ ಅತಿ ಹೆಚ್ಚು ಬೀಳುವುದು ಕ್ರೌನ್ ಮತ್ತು ಅಲ್ಲಿಂದ ಹ್ಯಾಂಡಲ್ ಕಡೆ ಏರುವ ಸ್ಟೀರರ್ ಕೊಳವೆ ಸೇರುವ ಕಡೆ. ಕೊಳ್ಳುವಾಗ ಮೊದಲು ಅದನ್ನೇ ನೋಡಿ. ಬೆಸುಗೆ ಒಂದೇ ಸಮ ಇರಬೇಕು, ಕೊರಕಲು ಇರಬಾರದು.

ಎಡಗಾಲು

ಈಗ ನನ್ನ ಬಿರುಕಿನ ವಿಷಯ. 26 ಇಂಚಿನ ಚಕ್ರದ ಅರ್ಧ ಅಗಲ ಸುಮಾರು 33 ಸೆಂ.ಮೀ. ಮುಂದಿನ ಚಕ್ರದ ಮೇಲೆ ಪೂರ್ತಿ ಭಾರ ಹಾಕಿ ಬ್ರೇಕ್ ಒತ್ತಿದಾಗ ಟೈರಿನ ತಳದಲ್ಲಿ 600 ನ್ಯೂಟನ್ ಅಂತ ಇಟ್ಟುಕೊಳ್ಳಿ. ತಿರುಚುವ ಬಲ 600 × 0.33, ಅಂದರೆ 198 ನ್ಯೂಟನ್-ಮೀಟರ್. 160 ಮಿ.ಮೀ. ಡಿಸ್ಕಿನಲ್ಲಿ ಪ್ಯಾಡ್ ಹಿಡಿಯುವುದು ನಡುವಿನಿಂದ ಸುಮಾರು 7.5 ಸೆಂ.ಮೀ. ದೂರದಲ್ಲಿ. 198 ÷ 0.075 = 2640 ನ್ಯೂಟನ್. ನೆಲದಲ್ಲಿ 600 ಇದ್ದದ್ದು ಕಿವಿಯಲ್ಲಿ ನಾಲ್ಕು ಪಟ್ಟಿಗಿಂತ ಜಾಸ್ತಿ. ಅದೂ ಬರೀ ಎಡಗಾಲಿಗೆ. ಬಲಗಾಲು ಆರಾಮಾಗಿ ನಿಂತಿರುತ್ತದೆ.

180 ಮಿ.ಮೀ. ಡಿಸ್ಕ್ ಹಾಕಿದರೆ ಕಿವಿಯ ಮೇಲಿನ ಭಾರ ಹೆಚ್ಚುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಅಷ್ಟೇ ಬ್ರೇಕಿಗೆ ಲೆಕ್ಕ ಹಾಕಿದರೆ ಅದು 2330ಕ್ಕೆ ಇಳಿಯುತ್ತದೆ. ಆದರೂ ಫೋರ್ಕ್ ತಯಾರಿಸಿದವರು ಎಷ್ಟು ದೊಡ್ಡ ಡಿಸ್ಕಿಗೆ ಒಪ್ಪಿದ್ದಾರೆ ನೋಡಿಯೇ ಹಾಕಿ. ದೊಡ್ಡ ಡಿಸ್ಕ್ ಸಿಕ್ಕಿದ ಮೇಲೆ ನಾವು ಅಷ್ಟೇ ಬ್ರೇಕ್ ಹಿಡಿಯುತ್ತೇವೆಯೇ? ಇಲ್ಲ.

ರಿಮ್ ಬ್ರೇಕಿನಲ್ಲಿ ಕಥೆ ಬೇರೆ. ಮಗುರಾ ಎಚ್‌ಎಸ್33ರಂಥ ಹೈಡ್ರಾಲಿಕ್ ಬ್ರೇಕ್ ರಿಮ್ಮನ್ನೇ ಹಿಡಿಯುವುದರಿಂದ, ಅದೇ ಕೆಲಸಕ್ಕೆ 700 ಚಿಲ್ಲರೆ ನ್ಯೂಟನ್ ಸಾಕು. ಅದೂ ಎರಡು ಕಾಲಿಗೆ ಹಂಚಿಹೋಗುತ್ತದೆ. ತೊಂದರೆ ಏನೆಂದರೆ ಒತ್ತಿದಾಗ ಕಾಲುಗಳು ಹೊರಕ್ಕೆ ಅಗಲವಾಗುತ್ತವೆ. ಅದಕ್ಕೇ ಕುದುರೆ ಲಾಳದ ಆಕಾರದ ಬೂಸ್ಟರ್ ಪಟ್ಟಿ ಹಾಕುವುದು. ರಿಮ್ ಬ್ರೇಕಿಗೆ ನಾನು ಯಾವಾಗಲೋ ಬದಲಾಗುತ್ತಿದ್ದೆ, ಆದರೆ ನಮ್ಮ ಮಳೆಯಲ್ಲಿ ಒದ್ದೆ ರಿಮ್ ನೆಚ್ಚಿಕೊಳ್ಳುವ ಧೈರ್ಯ ಇಲ್ಲ.

ಡಿಸ್ಕ್ ಫೋರ್ಕ್ ಕೊಳ್ಳುವಾಗ ಕಿವಿಯ ಬುಡ ನೋಡಿ. ಕಾಲಿನ ಕೊಳವೆಗೆ ಸುಮ್ನೆ ಒಂದು ತಗಡು ಅಂಟಿಸಿದ ಹಾಗಿದ್ದರೆ ಬೇಡ. ಕಿವಿ ಉದ್ದಕ್ಕೆ ಹರಡಿಕೊಂಡು, ಕೆಳಗೆ ಎಕ್ಸೆಲ್ ಕೂರುವ ಡ್ರಾಪ್‌ಔಟ್ ಜತೆ ಒಂದೇ ತುಂಡಾಗಿದ್ದರೆ ಒಳ್ಳೆಯದು. ಡ್ರಾಪ್‌ಔಟ್ ಸೀಳಿನ ಬಾಯಿ ಯಾವ ಕಡೆಗಿದೆ ಅನ್ನುವುದನ್ನೂ ಗಮನಿಸಿ. ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಕಾಲಿನ ಹಿಂದೆ ಇರುವುದರಿಂದ ಬ್ರೇಕ್ ಹಿಡಿದಾಗ ಎಕ್ಸೆಲ್ ಕೆಳಕ್ಕೆ ಜಾರಲು ನೋಡುತ್ತದೆ. ಬಾಯಿ ನೇರ ಕೆಳಗಿದ್ದರೆ ನಟ್ಟು ಸಡಿಲಾದ ದಿನ ಚಕ್ರ ಕಳಚಬಹುದು. ಮುಂದಕ್ಕೆ ತಿರುಗಿದ ಬಾಯಿ ವಾಸಿ. ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸ್ ಬದಲು ನಟ್ಟು ಅಥವಾ ಬೋಲ್ಟು ಇರಲಿ.

ಸ್ಟೀಲೋ ಅಲ್ಯೂಮಿನಿಯಮ್ಮೋ

ನನ್ನದು ಅಲ್ಯೂಮಿನಿಯಂ. ಸೆಕೆಂಡ್ ಹ್ಯಾಂಡ್. ಕೊಟ್ಟವರು "ಲೈಟಾಗಿದೆ, ಒಂದೇ ಸೀಸನ್ ಓಡಿದೆ" ಅಂದಿದ್ದರು. ಆ ಒಂದು ಸೀಸನ್ನಿನಲ್ಲಿ ಎಷ್ಟು ಸಾವಿರ ಸಲ ಹಾರಿದ್ದರೋ ದೇವರಿಗೇ ಗೊತ್ತು.

ಸ್ಟೀಲಿಗೆ ಒಂದು ಮಿತಿ ಇದೆ. ಅದಕ್ಕಿಂತ ಕಡಿಮೆ ಒತ್ತಡದಲ್ಲಿ ಎಷ್ಟು ಸಲ ಬಾಗಿಸಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ. ಚಿಕ್ಕ ಚಿಕ್ಕ ಪೆಟ್ಟೂ ಅದರ ಖಾತೆಯಲ್ಲಿ ಜಮೆ ಆಗುತ್ತಲೇ ಇರುತ್ತದೆ. ಜತೆಗೆ 4130 ಕ್ರೋಮೋಲಿ ಸ್ಟೀಲ್ ಮುರಿಯುವ ಮೊದಲು ಸಾಮಾನ್ಯವಾಗಿ ಬಾಗುತ್ತದೆ. ಸೈಕಲ್ ಎಳೆಯತೊಡಗುತ್ತದೆ, ನಮಗೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಅಷ್ಟು ಸುಳಿವು ಕೊಡುವುದಿಲ್ಲ.

ಹಾಗಂತ ಅಲ್ಯೂಮಿನಿಯಂ ಕೆಟ್ಟದ್ದು ಅನ್ನಲಾರೆ. ಸ್ಟೀಲಿನ ಮೂರನೇ ಒಂದು ಪಾಲು ತೂಕ, ಬಾಗದ ಗುಣವೂ ಮೂರನೇ ಒಂದು ಪಾಲು. ಈ ಕೊರತೆ ತುಂಬಲು ಕೊಳವೆಯನ್ನು ದಪ್ಪ ಮಾಡುತ್ತಾರೆ. ಗೋಡೆ ಅಷ್ಟೇ ತೆಳುವಿದ್ದು ಅಡ್ಡಳತೆ ಎರಡು ಪಟ್ಟಾದರೆ ಬಾಗದ ಗುಣ ಎಂಟು ಪಟ್ಟಾಗುತ್ತದೆ. ಅದಕ್ಕೇ ಅಲ್ಯೂಮಿನಿಯಂ ಫೋರ್ಕಿನ ಕಾಲು ಬಾಳೆದಿಂಡಿನ ಹಾಗೆ ಕಾಣುವುದು. ದಪ್ಪ ಕಂಡ ಕೂಡಲೇ ಗಟ್ಟಿ ಅಂತ ನಂಬಿದ್ದು ನನ್ನ ತಪ್ಪು. ಸ್ಪರ್ಧೆಗೆ ಹೋಗುವವರು, ಕಾಲಕಾಲಕ್ಕೆ ಬದಲಾಯಿಸುವವರು ಅದನ್ನೇ ಹಾಕಲಿ. ಕಲಿಯುವವರು ಕ್ರೋಮೋಲಿ ತೆಗೆದುಕೊಳ್ಳಿ. ಕಾಲು ಕಿಲೋ, ಹೆಚ್ಚೆಂದರೆ ಅರ್ಧ ಕಿಲೋ ಜಾಸ್ತಿ ತೂಗೀತು.

ಬಿರುಕು ಬಿಟ್ಟ ಅಲ್ಯೂಮಿನಿಯಮ್ಮಿಗೆ ಬೆಸುಗೆ ಹಾಕಿಸಬೇಡಿ. ಆ ಲೋಹಕ್ಕೆ ಗಟ್ಟಿತನ ಬರುವುದೇ ಕಾಯಿಸಿ ತಣಿಸಿ ಹದ ಮಾಡುವುದರಿಂದ. ಬೆಸುಗೆಯ ಬಿಸಿಗೆ ಅಕ್ಕಪಕ್ಕದ ಹದ ಹೋಗುತ್ತದೆ. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ "ಇನ್ನೂರು ರೂಪಾಯಿಗೆ ಹೊಸದರ ಹಾಗೆ ಮಾಡಿ ಕೊಡ್ತೇನೆ" ಅಂದರು. ನಮಸ್ಕಾರ ಹೇಳಿ ಬಂದೆ.

ಇನ್ನೊಂದು ವಿಷಯ. ಸೈಕಲ್ಲಿನ ಸುರಕ್ಷತೆಗೆ ಐಎಸ್ಒ 4210 ಅನ್ನುವ ಮಾನದಂಡ ಇದೆ. ಫೋರ್ಕಿನ ಪರೀಕ್ಷೆಗಳೂ ಅದರಲ್ಲಿವೆ. ಆದರೆ ಸ್ಟಂಟ್ ಮತ್ತು ಸ್ಪರ್ಧೆಯಂಥ ಒರಟು ಬಳಕೆಯ ಸೈಕಲ್ಲುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ ಅಂತ ಅದೇ ಹೇಳುತ್ತದೆ. ಹಾಗಾಗಿ ಸಾಮಾನ್ಯ ಸೈಕಲ್ ಫೋರ್ಕಿನ ಮೇಲೆ ಆ ನಂಬರ್ ಇದ್ದರೆ ಪಾಗಾರ ಹಾರಲು ಪರವಾನಗಿ ಸಿಕ್ಕಿತು ಅಂದುಕೊಳ್ಳಬೇಡಿ.

ಅಳತೆ

ಎಕ್ಸೆಲ್ ನಡುವಿನಿಂದ ಕ್ರೌನಿನ ಬೇರಿಂಗ್ ಕೂರುವ ಜಾಗದವರೆಗಿನ ಉದ್ದ ಹಳೆಯದಕ್ಕೆ ಸರಿಹೊಂದಬೇಕು. 20 ಮಿ.ಮೀ. ಜಾಸ್ತಿಯಾದರೆ ಹ್ಯಾಂಡಲ್ ಕಡೆಯ ಕೋನ ಸುಮಾರು ಒಂದು ಡಿಗ್ರಿ ಮಲಗುತ್ತದೆ, ಮುಂಭಾಗ ಏಳುತ್ತದೆ. ಸಸ್ಪೆನ್ಷನ್ ಜಾಗಕ್ಕೆ ಹಾಕಲೆಂದು ಮಾಡಿದ ಉದ್ದನೆಯ ಗಟ್ಟಿ ಫೋರ್ಕುಗಳು ಅಗ್ಗಕ್ಕೆ ಸಿಗುತ್ತವೆ. ಟ್ರಯಲ್ಸ್ ಫ್ರೇಮಿಗೆ ಅವು ಆಗಿಬರುವುದಿಲ್ಲ. ಸ್ಟೀರರ್ ಸಾಮಾನ್ಯವಾಗಿ 28.6 ಮಿ.ಮೀ., ಹಬ್ ಅಗಲ 100 ಮಿ.ಮೀ. ಡಿಸ್ಕ್ ಕಿವಿಯ ಬೋಲ್ಟುಗಳ ನಡುವೆ 51 ಮಿ.ಮೀ. ಇದ್ದರೆ ಐಎಸ್ ಮಾದರಿ, 74 ಇದ್ದರೆ ಪೋಸ್ಟ್ ಮಾದರಿ. ಸ್ಕೇಲ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಸ್ಟೀರರ್ ಕತ್ತರಿಸುವ ಮೊದಲು ಎರಡು ಸಲ ಅಳೆಯಿರಿ. ಗಿಡ್ಡ ಮಾಡಿದ್ದನ್ನು ಉದ್ದ ಮಾಡಲು ಬರುವುದಿಲ್ಲ.

ಉಪ್ಪು ಗಾಳಿ

ಸ್ಟೀಲ್ ತೆಗೆದುಕೊಳ್ಳಿ ಅಂದೆ. ಕಾರವಾರ, ಅಂಕೋಲಾ, ಕುಮಟಾದವರಿಗೆ ಅದರ ಜತೆ ಒಂದು ಕೆಲಸವೂ ಅಂಟಿಕೊಳ್ಳುತ್ತದೆ. ಹೊರಗೆ ಬಣ್ಣ ಇದೆ, ತುಕ್ಕು ಹಿಡಿಯುವುದು ಒಳಗಿನಿಂದ. ಬೆಸುಗೆ ಹಾಕುವಾಗ ಗಾಳಿ ಹೋಗಲೆಂದು ಕಾಲುಗಳಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಉಪ್ಪು ನೀರು ಒಳಗೆ ಹೋಗುವುದೂ ಅಲ್ಲಿಂದಲೇ. ಫೋರ್ಕ್ ಹೊಸದಿರುವಾಗಲೇ ಆ ತೂತಿನಲ್ಲಿ ಸಿರಿಂಜಿನಿಂದ ಎಂಜಿನ್ ಆಯಿಲ್ ಬಿಟ್ಟು, ಎಲ್ಲ ಕಡೆ ತಾಗುವ ಹಾಗೆ ಫೋರ್ಕನ್ನು ತಿರುಗಿಸಿ, ಹೆಚ್ಚಾದದ್ದನ್ನು ಬಸಿದುಬಿಡಿ. ಡಿಸ್ಕ್ ಮತ್ತು ಪ್ಯಾಡಿಗೆ ಒಂದು ಹನಿಯೂ ತಾಗಬಾರದು. ಅಲ್ಯೂಮಿನಿಯಮ್ಮಿನವರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಅದರಲ್ಲಿ ಕೂತ ಸ್ಟೀಲ್ ಬೋಲ್ಟಿನ ಸುತ್ತ ಉಪ್ಪು ಸೇರಿದರೆ ಬಿಳಿ ಪುಡಿ ಕಟ್ಟಿ ಬೋಲ್ಟು ಕಚ್ಚಿಕೊಳ್ಳುತ್ತದೆ. ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ಹಚ್ಚಿಯೇ ಹಾಕಿ.

ಈಗ ನನ್ನ ಸೈಕಲ್ಲಿನಲ್ಲಿ ಕ್ರೋಮೋಲಿ ಫೋರ್ಕ್ ಇದೆ. ಹಳೆಯದನ್ನು ಯಾರೂ ಮತ್ತೆ ಹಾಕಬಾರದು ಅಂತ ವೈಸಿನಲ್ಲಿ ಕಚ್ಚಿಸಿ ಬಿರುಕಿದ್ದಲ್ಲೇ ಮುರಿದೆವು. ಮುರಿದ ಮುಖದಲ್ಲಿ ಎರಡು ಬಣ್ಣ. ಆಗಷ್ಟೇ ಮುರಿದ ಭಾಗ ಬೆಳ್ಳಗೆ, ಸಕ್ಕರೆ ಹಾಗೆ ತರಿತರಿ. ಬಿರುಕು ಮೊದಲೇ ಹೋಗಿದ್ದ ಭಾಗ ನುಣುಪು, ಮಾಸಲು ಬೂದಿ ಬಣ್ಣ. ಅದರ ಮೇಲೆ ಒಂದರ ಪಕ್ಕ ಒಂದು ಬಾಗಿದ ಗೆರೆಗಳು, ಸಮುದ್ರ ಇಳಿಯುವಾಗ ಮರಳ ಮೇಲೆ ಬಿಟ್ಟು ಹೋಗುತ್ತದಲ್ಲ, ಹಾಗೆ. ಎಂಜಿನಿಯರುಗಳು ಅವನ್ನು ಬೀಚ್ ಮಾರ್ಕ್ ಅಂತಲೇ ಕರೆಯುತ್ತಾರೆ. ಚಿಕ್ಕಪ್ಪ ಕನ್ನಡಕ ಏರಿಸಿ ಗೆರೆಗಳನ್ನು ಎಣಿಸಲು ನೋಡಿದರು, ಹದಿನಾಲ್ಕಕ್ಕೆ ತಪ್ಪಿತು. ಎಲ್ಲ ಗೆರೆಗಳೂ ಶುರುವಾಗಿದ್ದು ಕಿವಿಯ ಬೆಸುಗೆಯ ಒಂದು ಮೂಲೆಯಿಂದ. ಅಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕೊರಕಲು ಇತ್ತು.