ಮದ್ದೂರು ರೈಲು ನಿಲ್ದಾಣ: ಗಾಡಿ ಎಷ್ಟು ಹೊತ್ತು ನಿಲ್ಲುತ್ತಿತ್ತು?

ಸಣ್ಣ ಊರಿನ ನಿಲ್ದಾಣದ ಇತಿಹಾಸ ಅಂದ ಕೂಡಲೇ ಇಸವಿಗಳನ್ನು ಬಾಯಿಪಾಠ ಮಾಡಲು ಕೂರುತ್ತೇವೆ, ಅಲ್ವಾ? ಮದ್ದೂರಿನ ಮಟ್ಟಿಗೆ ಬೇರೆ ದಾರಿ ಇದೆ. ಇಲ್ಲಿ ಗಾಡಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ಯಾಕೆ ನಿಲ್ಲುತ್ತಿತ್ತು ಎಂದು ಕೇಳಿಕೊಂಡು ಓದಿ. ಇಸವಿಗಳು ತಾವಾಗಿಯೇ ನೆನಪಲ್ಲಿ ಉಳಿಯುತ್ತವೆ.

ಮೊದಲು ಹಳಿಯ ಹುಟ್ಟು. 1876-78ರಲ್ಲಿ, ಅಂದರೆ ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನಕ್ಕೆ ಭೀಕರ ಬರ ಬಂತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. ಹಸಿದವರಿಗೆ ಕೂಲಿ ಸಿಗಲಿ ಎಂದು ನಡೆಸಿದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯೂ ಒಂದು. ಗಾಡಿ 1881ರಲ್ಲಿ ಬೆಂಗಳೂರಿನ ಕಡೆಯಿಂದ ಓಡಲು ಶುರುವಾಯಿತು. 1882ರ ಫೆಬ್ರವರಿ ಹೊತ್ತಿಗೆ ಮೈಸೂರು ಮುಟ್ಟಿತು. ಪೂರ್ತಿ ದಾರಿ ಸುಮಾರು 138 ಕಿ.ಮೀ. ಮದ್ದೂರು ಬೆಂಗಳೂರಿನಿಂದ 74 ಕಿ.ಮೀ. ದೂರ, ಹೆಚ್ಚುಕಡಿಮೆ ನಡುವೆ. ಈ 'ನಡುವೆ' ಎನ್ನುವುದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಖರ್ಚು ಕಡಿಮೆ ಎಂದು ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದೇ ಮೀಟರ್ ಅಂತರದ ಹಳಿ ಹಾಕಿದರು. ಮದ್ರಾಸಿನ ಕಡೆಯಿಂದ ಬಂದದ್ದು ಅದಕ್ಕಿಂತ ಅಗಲವಾದ ಬ್ರಾಡ್ ಗೇಜ್, ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಹಾಗಾಗಿ ಮದ್ದೂರಿನಲ್ಲಿ ಹತ್ತಿಸಿದ ಬೆಲ್ಲ ಮದ್ರಾಸಿಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಇಳಿಸಿ ಮತ್ತೆ ತುಂಬಬೇಕು. ಆಡಳಿತದ ಕಥೆಯನ್ನು ಬೇಗ ಮುಗಿಸೋಣ: ದಾರಿ ಸಂಸ್ಥಾನದ್ದು. 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು, ಆಮೇಲೆ ಸಂಸ್ಥಾನಕ್ಕೆ ವಾಪಸ್ ಬಂತು. 1951ರಲ್ಲಿ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ.

ಈಗ ಮುಖ್ಯ ವಿಷಯ. ಹಳಿ ಇದ್ದದ್ದು ಒಂದೇ. ಎದುರುಬದುರು ಬರುವ ಗಾಡಿಗಳು ದಾರಿ ಬಿಟ್ಟುಕೊಳ್ಳಬೇಕಾದರೆ ನಿಲ್ದಾಣದಲ್ಲಿ ಮಾತ್ರ ಸಾಧ್ಯ. ಇದಕ್ಕೇ 'ಕ್ರಾಸಿಂಗ್' ಎನ್ನುವುದು. ಒಂದು ಗಾಡಿ ಪಕ್ಕದ ಹಳಿಯಲ್ಲಿ ನಿಂತು ಎದುರಿನದಕ್ಕೆ ಕಾಯುತ್ತದೆ. ಎದುರಿನ ಗಾಡಿ ಬಂದು, ಮುಂದಿನ ಹಳಿ ಖಾಲಿ ಇದೆ ಎಂಬ ಗುರುತಿನ ಟೋಕನ್ ಡ್ರೈವರ್ ಕೈಗೆ ಸಿಗುವವರೆಗೆ ಹೊರಡುವಂತಿಲ್ಲ. ಇದರ ಜೊತೆಗೆ ಉಗಿ ಎಂಜಿನ್‌ಗೆ ದಾರಿಯಲ್ಲಿ ನೀರು ತುಂಬಿಸಬೇಕು. ಎದುರಿನದು ತಡವಾದರೆ ನಿಮ್ಮದೂ ತಡ. ಪ್ರಯಾಣಿಕರಿಗೆ ಪ್ಲಾಟ್‌ಫಾರ್ಮಿಗೆ ಇಳಿಯಲು, ಕಾಫಿ ಕುಡಿಯಲು ಬೇಕಾದಷ್ಟು ಪುರುಸೊತ್ತು. ಊರು ಬೇರೆ ನಡುದಾರಿಯಲ್ಲಿದೆ. ಹಸಿವಾಗುವ ಹೊತ್ತು.

ಮದ್ದೂರು ವಡೆ ಇಲ್ಲಿಂದ ಬಂತು. ಎಲ್ಲರೂ ಹೇಳುವ ಕಥೆ ಇದು: 1917ರಲ್ಲಿ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ಗಾಡಿ ಬೇಗ ಬಂದದ್ದರಿಂದ ಇದ್ದಬದ್ದ ಹಿಟ್ಟು ಕಲಸಿ, ತಟ್ಟಿ, ಎಣ್ಣೆಗೆ ಬಿಟ್ಟರು. ಆ ದಿನ ಹೀಗೆಯೇ ನಡೆಯಿತಾ ಎಂದು ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ವಡೆಯನ್ನೇ ನೋಡಿ. ಚಿರೋಟಿ ರವೆ, ಅಕ್ಕಿ ಹಿಟ್ಟು, ಮೈದಾ, ಜಾಸ್ತಿ ಈರುಳ್ಳಿ. ಬೇಳೆ ನೆನೆಸುವುದು, ರುಬ್ಬುವುದು ಇಲ್ಲ. ಚಪ್ಪಟೆಯಾದ್ದರಿಂದ ಬೇಗ ಬೇಯುತ್ತದೆ. ಚಟ್ನಿ ಇಲ್ಲದೆಯೂ ನಡೆಯುತ್ತದೆ, ಕಾಗದದಲ್ಲಿ ಸುತ್ತಿ ಕಿಟಕಿಯಲ್ಲಿ ಕೊಡಬಹುದು, ಆರಿದರೂ ರುಚಿ ಕೆಡುವುದಿಲ್ಲ. ರೈಲಿನ ವೇಳೆಗೆ ತಕ್ಕಂತೆ ಆದ ತಿಂಡಿ ಇದು. ಕಥೆಗಿಂತ ನನಗೆ ಈ ಸಾಕ್ಷಿಯೇ ಗಟ್ಟಿ ಅನಿಸುತ್ತದೆ.

ಮುಂದೆ ನಿಲ್ಲುವ ಹೊತ್ತು ಕರಗುತ್ತಾ ಹೋಯಿತು. ಡೀಸೆಲ್ ಬಂದ ಮೇಲೆ ನೀರಿನ ಕೆಲಸ ಇಲ್ಲ. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ವೇಗ ಹೆಚ್ಚಿತು. ಕೊನೆಗೆ ಜೋಡಿ ಹಳಿ. ಅದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡೀ ಕಟ್ಟಡವಾಗಿಯೇ ಪಕ್ಕಕ್ಕೆ ಸರಿಸಿದರು. ಪರೀಕ್ಷೆಗೆ ಇದನ್ನು ನೆನಪಿಡಿ, ಕೇಳಲು ಚೆನ್ನಾಗಿರುವ ಪ್ರಶ್ನೆ. ಎರಡು ಹಳಿ ಇದ್ದರೆ ಎದುರಿನ ಗಾಡಿಗೆ ಕಾಯಬೇಕಿಲ್ಲ. ಈಗ ಗಾಡಿ ಮದ್ದೂರಿನಲ್ಲಿ ನಿಂತ ಹಾಗೆ ಮಾಡಿ ಹೊರಡುತ್ತದೆ. ಇಳಿದು ತಿಂದು ಹತ್ತುವ ಮಾತೇ ಇಲ್ಲ.

ವಡೆ ಸುಮ್ನೆ ಕೂರಲಿಲ್ಲ. ಬುಟ್ಟಿ ಹಿಡಿದವರು ಬೋಗಿಯೊಳಗೇ ಬಂದು ಮಾರತೊಡಗಿದರು. ಹೆದ್ದಾರಿಯ ಹೋಟೆಲುಗಳು ಅದನ್ನು ಕಾರು, ಬಸ್ಸುಗಳಿಗೆ ಬಡಿಸಿದವು. ಇವತ್ತು ಮದ್ದೂರು ವಡೆ ತಿಂದವರಲ್ಲಿ ಎಷ್ಟೋ ಜನ ನಿಲ್ದಾಣವನ್ನು ನೋಡಿಯೇ ಇಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಊರೊಳಗೆ ಬರುವುದಿಲ್ಲ. ಹಳೇ ರಸ್ತೆಯ ಹೋಟೆಲಿನವರು ಈಗ ವ್ಯಾಪಾರ ಇಲ್ಲ ಎನ್ನುತ್ತಿದ್ದಾರೆ.